ಕಾರ್ಖಾನೆಯೂ ಒಂದು ಪಾಠಶಾಲೆಯೇ

ಅಮ್ಮಸಂದ್ರ ಎಂದೊಡನೆ ನಮ್ಮ ಸೀಮೆಯವರಿಗೆ ಮೊದಲು ನೆನಪಾಗುವುದು ಸಿಮೆಂಟ್ ಕಾರ್ಖಾನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳ ನಡುವೆ, ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ರೈಲು ಮಾರ್ಗದಲ್ಲಿರುವ ಈ ಪುಟ್ಟ ಊರಿನ ಹೆಸರು ದೂರದೂರಕ್ಕೆ ತಲುಪಿದ್ದು ಸಿಮೆಂಟ್ ಚೀಲದ ಮೂಲಕ. ಮೈಸೂರು ಸಿಮೆಂಟ್ಸ್ ಕಂಪನಿ ಸ್ಥಾಪನೆಯಾದದ್ದು 1958ರಲ್ಲಿ. 2006ರಲ್ಲಿ ಅದನ್ನು ಜರ್ಮನಿಯ ಹೈಡೆಲ್‌ಬರ್ಗ್ ಸಿಮೆಂಟ್ ಸಂಸ್ಥೆ ಕೊಂಡುಕೊಂಡಿತು; 2009ರಲ್ಲಿ ಕಂಪನಿಯ ಹೆಸರು ಹೈಡೆಲ್‌ಬರ್ಗ್ ಸಿಮೆಂಟ್ ಇಂಡಿಯಾ ಎಂದಾಯಿತು. ಕೊಬ್ಬರಿಯ ಧಾರಣೆ ಏರಿದರೆ ನಗುವ, ಇಳಿದರೆ ಸೊರಗುವ ನಮ್ಮ ರೈತ ಕುಟುಂಬಗಳಿಗೆ ತಿಂಗಳ ಸಂಬಳ ಎಂಬ ಪದಾರ್ಥದ ರುಚಿ ಹತ್ತಿಸಿದ್ದು ಇಂಥ ಕಾರ್ಖಾನೆಗಳು.

ಇಂದು ನಾನು ಬರೆಯಹೊರಟಿರುವುದು ಆ ಕಾರ್ಖಾನೆಯ ಚರಿತ್ರೆಯನ್ನಲ್ಲ. ದೊಡ್ಡ ಕೈಗಾರಿಕಾ ಕಂಪನಿಗಳು ತಮ್ಮಲ್ಲಿ ದುಡಿಯುವವರಿಗೆ ಕೆಲಸವನ್ನು ಹೇಗೆ ಕಲಿಸುತ್ತವೆ, ಹೇಗೆ ಕಲಿಸಬೇಕು ಎಂಬುದರ ಬಗ್ಗೆ. ಕಾರ್ಖಾನೆಯ ವ್ಯವಹಾರದಲ್ಲಿ ಹೈಸ್ಕೂಲು ಮೇಷ್ಟರಿಗೇನು ಕೆಲಸ ಎಂದು ಯಾರಾದರೂ ಕೇಳಬಹುದು. ಕೇಳಲಿ. ನಾನು ಪಾಠ ಹೇಳಿದ ಮಕ್ಕಳಲ್ಲಿ ವೈದ್ಯರು, ಇಂಜಿನಿಯರುಗಳು ಆದವರು ಬೆರಳೆಣಿಕೆಯಷ್ಟು. ತೋಟ ನೋಡಿಕೊಂಡು ಉಳಿದವರು ಹಲವರು. ಇನ್ನುಳಿದವರೆಲ್ಲ ಹೋಗಿ ಸೇರಿದ್ದು ಯಾವುದಾದರೊಂದು ಕಾರ್ಖಾನೆಯ ಗೇಟಿನೊಳಕ್ಕೆ. ನಾವು ಹತ್ತನೆಯ ತರಗತಿಯಲ್ಲಿ ನಿಲ್ಲಿಸಿದ ಪಾಠವನ್ನು ಅಲ್ಲಿ ಯಾರೋ ಮುಂದುವರಿಸಬೇಕು. ಅವರು ಮುಂದುವರಿಸುತ್ತಿದ್ದಾರೆಯೇ ಎಂದು ಕೇಳುವ ಹಕ್ಕು ಶಿಕ್ಷಕನಿಗೆ ಇದ್ದೇ ಇದೆ.

ಕರ್ನಾಟಕದಲ್ಲಿ ಕಾರ್ಖಾನೆ ಮತ್ತು ಶಾಲೆ ಒಂದೇ ಕೊಟ್ಟಿಗೆಯ ಎತ್ತುಗಳೆಂದು ಮೊದಲೇ ತಿಳಿದವರು ಇದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿಯೇ, 1917ರಲ್ಲಿ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಇಂಜಿನಿಯರುಗಳಿದ್ದರೆ ಸಾಲದು, ಕೈಯಲ್ಲಿ ಕೆಲಸ ಬಲ್ಲವರೂ ಬೇಕೆಂದು ಕಂಡುಕೊಂಡ ಅವರ ಪ್ರಯತ್ನದಿಂದಲೇ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆ ರೂಪುಗೊಂಡಿತು, ಇಂದಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ. 1971ರಲ್ಲಿ ಜರ್ಮನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಫೋರ್‌ಮನ್ ತರಬೇತಿ ಸಂಸ್ಥೆ ಬಂದಿತು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಈಗ ಎಲ್ಲರೂ ಜಿಟಿಟಿಸಿ ಎನ್ನುವ ಸಂಸ್ಥೆ ಬಂದಿತು. ಇವೆಲ್ಲ ನಮ್ಮ ನಾಡಿನ ಹೆಮ್ಮೆಗಳು. ಆದರೆ ಇವು ಕಾರ್ಖಾನೆಯ ಗೇಟಿನ ಹೊರಗಿನ ಶಾಲೆಗಳು. ಗೇಟಿನ ಒಳಗಿನ ಶಾಲೆಯ ಸ್ಥಿತಿ ಏನು ಎಂಬುದೇ ನನ್ನ ಪ್ರಶ್ನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪ್ರಸಂಗ ಹೇಳುತ್ತೇನೆ. ಕಾರ್ಖಾನೆಯ ಹೆಸರು ಬೇಡ, ಹುಡುಗನ ಹೆಸರೂ ಬೇಡ. ಗುತ್ತಿಗೆದಾರನೊಬ್ಬನ ಮೂಲಕ ದೊಡ್ಡದೊಂದು ಕಾರ್ಖಾನೆಗೆ ಸೇರಿದ. ಮೊದಲ ದಿನ ತಂಪಾದ ಕೊಠಡಿಯಲ್ಲಿ ಮೂವತ್ತು ಜನರನ್ನು ಕೂರಿಸಿ ಎರಡು ಗಂಟೆಗಳ ಕಾಲ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳನ್ನು ತೋರಿಸಿದರು. ಕೊನೆಗೆ ಒಂದು ಹಾಳೆಯ ಮೇಲೆ ಸಹಿ ಮಾಡಿಸಿಕೊಂಡರು. ಮರುದಿನ ಅವನನ್ನು ಕಲ್ಲು ಸಾಗಿಸುವ ಕನ್ವೇಯರ್ ಬೆಲ್ಟಿನ ಬಳಿ ನಿಲ್ಲಿಸಿದರು. ಮೂರನೆಯ ವಾರದಲ್ಲಿ, ಬೆಲ್ಟಿನ ತುದಿಯ ರಾಟೆಗೆ ಸಿಕ್ಕಿಕೊಂಡ ಕಲ್ಲನ್ನು ಯಂತ್ರ ನಿಲ್ಲಿಸದೆ ಕೈಯಿಂದ ತೆಗೆಯಹೋಗಿ ಎರಡು ಬೆರಳುಗಳನ್ನು ಕಳೆದುಕೊಂಡ.

ನೋಡಲು ಹೋದಾಗ ಕೇಳಿದೆ: "ಏನಪ್ಪಾ, ಯಂತ್ರ ನಿಲ್ಲಿಸುವುದಕ್ಕೆ ಅಲ್ಲಿ ಏನೂ ಇರಲಿಲ್ಲವೇ?" ಇತ್ತು. ಬೆಲ್ಟಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿರುತ್ತಾರೆ. ಎಲ್ಲಿ ನಿಂತು ಎಳೆದರೂ ಬೆಲ್ಟು ನಿಲ್ಲುತ್ತದೆ. ಅದಕ್ಕೆ ಪುಲ್ ಕಾರ್ಡ್ ಎನ್ನುತ್ತಾರೆ. ಮೊದಲ ದಿನದ ಪಾಠದಲ್ಲಿ ಆ ಮಾತು ಬಂದಿತ್ತಂತೆ. ಹುಡುಗ ಹೇಳಿದ: "ಕಾರ್ಡ್ ಅಂದ್ರೆ ಕತ್ತಿಗೆ ಹಾಕ್ಕೊಳ್ಳೋ ಗುರುತಿನ ಕಾರ್ಡ್ ಅಂದ್ಕೊಂಡಿದ್ದೆ ಸಾರ್. ಆ ಹಗ್ಗ ಹಿಡ್ಕೊಂಡು ನಡೆಯೋಕೆ ಕಟ್ಟಿದ್ದಾರೆ ಅಂತ ತಿಳ್ಕೊಂಡಿದ್ದೆ."

ಅಪಘಾತದ ವರದಿಯಲ್ಲಿ ಕಾರಣವೆಂದು ಬರೆದದ್ದು ಕಾರ್ಮಿಕನ ಅಜಾಗರೂಕತೆ ಎಂದು. ಸಹಿ ಮಾಡಿದ ಹಾಳೆ ಅದಕ್ಕೆ ಸಾಕ್ಷಿ. ತರಬೇತಿ ಕೊಟ್ಟಿದ್ದೇವೆ, ಅವನೇ ಪಾಲಿಸಲಿಲ್ಲ! ನಮ್ಮ ಶಾಲೆಗಳಲ್ಲಿ ತರಗತಿಯ ಅರ್ಧದಷ್ಟು ಮಕ್ಕಳು ಗಣಿತದಲ್ಲಿ ಅನುತ್ತೀರ್ಣರಾದರೆ ಶಿಕ್ಷಣಾಧಿಕಾರಿಗಳು ಮೊದಲು ವಿವರಣೆ ಕೇಳುವುದು ಗಣಿತದ ಮೇಷ್ಟರನ್ನು. ಕಾರ್ಖಾನೆಯಲ್ಲಿ ಮಾತ್ರ ಪಾಠ ತಿಳಿಯದಿದ್ದರೆ ಅದು ಕೇವಲ ವಿದ್ಯಾರ್ಥಿಯ ತಪ್ಪು. ಈ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ.

ಕಾನೂನಿನ ಕೊರತೆಯಿಂದ ಹೀಗಾಗುತ್ತಿದೆಯೆಂದು ಹೇಳುವಂತಿಲ್ಲ. ಸುಣ್ಣಕಲ್ಲಿನ ಗಣಿಯೂ ಸೇರಿದಂತೆ ಎಲ್ಲ ಗಣಿಗಳ ಕೆಲಸಗಾರರಿಗೆ ಮೊದಲು ತರಬೇತಿ ಕೊಟ್ಟೇ ಕೆಲಸಕ್ಕೆ ಹಚ್ಚಬೇಕೆಂಬ ನಿಯಮಗಳು 1966ರಲ್ಲಿಯೇ ಬಂದವು. ಭೋಪಾಲದ ಅನಿಲ ದುರಂತದ ನಂತರ 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ಕಾರ್ಮಿಕನಿಗೆ ಮಾಹಿತಿ, ಸೂಚನೆ, ತರಬೇತಿ ಮತ್ತು ಮೇಲ್ವಿಚಾರಣೆ ಒದಗಿಸುವುದು ಮಾಲೀಕನ ಕರ್ತವ್ಯವೆಂದು ಬರೆಯಲಾಯಿತು. 1961ರ ಅಪ್ರೆಂಟಿಸ್ ಕಾಯ್ದೆ 2014ರಲ್ಲಿ ತಿದ್ದುಪಡಿಯಾಯಿತು. 2019ರಲ್ಲಿ ಬದಲಾದ ನಿಯಮಗಳ ಪ್ರಕಾರ, ಮೂವತ್ತು ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆ, ಗುತ್ತಿಗೆಯವರನ್ನೂ ಲೆಕ್ಕಕ್ಕೆ ಹಿಡಿದು, ಶೇಕಡಾ 2.5ರಿಂದ 15ರವರೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. 2025ರ ನವೆಂಬರಿನಲ್ಲಿ ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಸಂಹಿತೆಗಳು ಜಾರಿಗೆ ಬಂದವು. ಕಾನೂನು ತರಬೇತಿಯನ್ನು ಕೊಡಿಸಬಲ್ಲದು, ಕಲಿಕೆಯನ್ನು ಕೊಡಿಸಲಾರದು. ಇವೆರಡರ ನಡುವಿನ ಅಂತರವೇ ನನ್ನ ವಿದ್ಯಾರ್ಥಿ ಕಳೆದುಕೊಂಡ ಎರಡು ಬೆರಳು.

ಬಿ.ಎಡ್. ಓದಿದವರೆಲ್ಲರಿಗೂ ಹರ್ಬಾರ್ಟನ ಪಂಚ ಸೋಪಾನಗಳು ನೆನಪಿರುತ್ತವೆ. ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಹತ್ತೊಂಬತ್ತನೆಯ ಶತಮಾನದ ಈ ಜರ್ಮನ್ ಚಿಂತಕನ ವಿಚಾರಗಳನ್ನು ಅವನ ಶಿಷ್ಯರು ಪಾಠ ಯೋಜನೆಯ ರೂಪಕ್ಕೆ ಇಳಿಸಿದರು. ತರಬೇತಿಯ ದಿನಗಳಲ್ಲಿ ರಾತ್ರಿಯೆಲ್ಲ ಕುಳಿತು ಪಾಠ ಟಿಪ್ಪಣಿ ಬರೆಯುವಾಗ ನಾವೆಲ್ಲ ಅವನನ್ನು ಶಪಿಸಿದವರೇ! ಆದರೆ ಆತನ ಸೋಪಾನಗಳು ಕಾರ್ಖಾನೆಯನ್ನೂ ಪ್ರವೇಶಿಸಿದ ಕಥೆ ಬಹಳ ಜನ ಶಿಕ್ಷಕರಿಗೆ ತಿಳಿದಿಲ್ಲ.

ಮೊದಲ ಮಹಾಯುದ್ಧದ ಸಮಯದಲ್ಲಿ ಅಮೆರಿಕೆಗೆ ತುರ್ತಾಗಿ ಹಡಗುಗಳು ಬೇಕಾದವು. ಹಡಗು ಕಟ್ಟುವವರು ಸಾಕಷ್ಟಿರಲಿಲ್ಲ. ಆಗ ಚಾರ್ಲ್ಸ್ ಆಲೆನ್ ಎಂಬ ವೃತ್ತಿ ಶಿಕ್ಷಣ ತಜ್ಞ ಹರ್ಬಾರ್ಟನ ಹಾದಿಯಲ್ಲೇ ಸಿದ್ಧತೆ, ನಿರೂಪಣೆ, ಅನ್ವಯ, ಪರೀಕ್ಷೆ ಎಂಬ ನಾಲ್ಕು ಹೆಜ್ಜೆಗಳ ಕ್ರಮ ರೂಪಿಸಿ, 1919ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದ. ಎರಡನೆಯ ಮಹಾಯುದ್ಧದಲ್ಲಿ, 1940ರಿಂದ 1945ರವರೆಗೆ, ಅದೇ ಕ್ರಮವನ್ನು ಅಮೆರಿಕ ಸರ್ಕಾರ ಟಿಡಬ್ಲ್ಯುಐ ಎಂಬ ಹೆಸರಿನಲ್ಲಿ 16 ಲಕ್ಷಕ್ಕೂ ಹೆಚ್ಚು ಮೇಲ್ವಿಚಾರಕರಿಗೆ ಕಲಿಸಿತು. ಗಮನಿಸಿ, ಕಾರ್ಮಿಕರಿಗಲ್ಲ, ಮೇಲ್ವಿಚಾರಕರಿಗೆ. ಅವರಿಗೆ ಕಲಿಸಿದ್ದು ಕೆಲಸವನ್ನಲ್ಲ, ಕೆಲಸ ಕಲಿಸುವ ಬಗೆಯನ್ನು. ಮೊದಲು ಕಲಿಯುವವನ ಭಯ ಹೋಗಲಾಡಿಸಿ ಅವನಿಗೇನು ಗೊತ್ತಿದೆ ಎಂದು ತಿಳಿಯಬೇಕು. ಎರಡನೆಯದು, ಒಂದೊಂದೇ ಹೆಜ್ಜೆಯಾಗಿ ಮಾಡಿ ತೋರಿಸಬೇಕು, ಏಕೆ ಹಾಗೆ ಎಂದು ಹೇಳಬೇಕು. ಮೂರನೆಯದು, ಅವನ ಕೈಯಲ್ಲಿ ಮಾಡಿಸಬೇಕು, ಮಾಡುತ್ತಾ ಅವನ ಬಾಯಲ್ಲಿ ಹೇಳಿಸಬೇಕು. ಕೊನೆಯದು, ಒಬ್ಬನೇ ಮಾಡಲು ಬಿಟ್ಟು, ಆಗಾಗ ಬಂದು ನೋಡುತ್ತಿರಬೇಕು. ಕಲಿಯುವವನಿಗೆ ಬರಲಿಲ್ಲವೆಂದರೆ ಕಲಿಸಿದವನೇ ಮತ್ತೆ ಯೋಚಿಸಬೇಕೆಂಬುದು ಈ ಕ್ರಮದ ತಿರುಳು.

ಯುದ್ಧಾನಂತರ ಅಮೆರಿಕ ಇದನ್ನು ಬಹುಮಟ್ಟಿಗೆ ಮರೆಯಿತು. ಸೋತ ಜಪಾನು ಕಲಿಯಿತು. ಟೊಯೋಟ ಕಂಪನಿ ತನ್ನ ಕೆಲಸದ ಪದ್ಧತಿಯಲ್ಲಿ ಅದನ್ನು ಬೇರೂರಿಸಿಕೊಂಡಿತು. ಅದೇ ಟೊಯೋಟ 2007ರಲ್ಲಿ ನಮ್ಮ ಬಿಡದಿಯಲ್ಲಿ ತಾಂತ್ರಿಕ ತರಬೇತಿ ಸಂಸ್ಥೆಯೊಂದನ್ನು ತೆರೆಯಿತು. ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ಬಡ ಮಕ್ಕಳನ್ನು ಆಯ್ದು, ಅಲ್ಲಿಯೇ ಊಟ ವಸತಿ ಕೊಟ್ಟು, ಮೂರು ವರ್ಷ ಕಲಿಸುತ್ತಾರೆ. ಯಂತ್ರದ ಕೆಲಸದ ಜೊತೆಗೆ ಶಿಸ್ತು, ಮೈಕಟ್ಟು, ಮಾತುಗಾರಿಕೆ ಎಲ್ಲವೂ ಪಠ್ಯದ ಭಾಗ. ನಮ್ಮ ಬಿ.ಎಡ್. ಕಾಲೇಜಿನ ಹರ್ಬಾರ್ಟ ಜರ್ಮನಿಯಿಂದ ಹೊರಟು, ಅಮೆರಿಕ, ಜಪಾನು ಸುತ್ತಿ ಬಿಡದಿಗೆ ಬಂದು ಇಳಿದಿದ್ದಾನೆ ಎಂದರೆ ಅತಿಶಯೋಕ್ತಿಯಲ್ಲ.

ಜರ್ಮನಿಯ ಮಾತು ಬಂದಿತು. ಆ ದೇಶದಲ್ಲಿ 1969ರ ವೃತ್ತಿ ಶಿಕ್ಷಣ ಕಾಯ್ದೆಯ ಅನ್ವಯ ಹುಡುಗನೊಬ್ಬ ವಾರದಲ್ಲಿ ಕೆಲವು ದಿನ ಕಾರ್ಖಾನೆಯಲ್ಲಿ, ಉಳಿದ ದಿನ ವೃತ್ತಿ ಶಾಲೆಯಲ್ಲಿ ಕಲಿಯುತ್ತಾನೆ. ಮುನ್ನೂರಕ್ಕೂ ಹೆಚ್ಚು ವೃತ್ತಿಗಳಿಗೆ ಹೀಗೆ ಪಠ್ಯಕ್ರಮವಿದೆ. ಇದನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಮನಸ್ಸಿಗೆ ಹಿಡಿಸಿದ್ದು ಬೇರೊಂದು ಸಂಗತಿ. ಅಲ್ಲಿ ಕಾರ್ಖಾನೆಯೊಳಗೆ ಅಪ್ರೆಂಟಿಸರಿಗೆ ಕಲಿಸುವ ಹೊಣೆ ಹೊರುವವನು ತನಗೆ ಕೆಲಸ ಬರುತ್ತದೆಂದರೆ ಸಾಲದು. ಕಲಿಸಲು ಬರುತ್ತದೆಂದು ಪ್ರತ್ಯೇಕ ಪರೀಕ್ಷೆಯಲ್ಲಿ ತೋರಿಸಿಕೊಡಬೇಕು. ಅಂದರೆ ಕಾರ್ಖಾನೆಯವರಿಗೂ ಒಂದು ಬಗೆಯ ಬಿ.ಎಡ್. ಉಂಟು! ನಮ್ಮ ಅಮ್ಮಸಂದ್ರದ ಕಾರ್ಖಾನೆಯ ಒಡೆತನ ಜರ್ಮನಿಯವರ ಕೈಗೆ ಹೋದಾಗ ಅಲ್ಲಿಂದ ಯಾವ ಯಂತ್ರ ಬರುತ್ತದೆಂದು ಜನ ಮಾತಾಡಿಕೊಳ್ಳುತ್ತಿದ್ದರು. ಜರ್ಮನರಿಂದ ನಾವು ತರಿಸಿಕೊಳ್ಳಬೇಕಾದ ಉತ್ತಮ ಸರಕೆಂದರೆ ಈ ಪದ್ಧತಿ ಎಂದು ನಾನು ಹೇಳುತ್ತೇನೆ. ಇದು ಒಂದು ಕಾರ್ಖಾನೆಗೆ ಹೇಳುವ ಮಾತಲ್ಲ, ವಸಂತನರಸಾಪುರದಿಂದ ಬಿಡದಿಯವರೆಗಿನ ಎಲ್ಲ ಕಾರ್ಖಾನೆಗಳಿಗೂ ಹೇಳುವ ಮಾತು.

ನಮ್ಮಲ್ಲಿ ಆಗುವುದೇನು? ಇಪ್ಪತ್ತು ವರ್ಷ ಯಂತ್ರದ ಜೊತೆ ಬಾಳಿದ ಹಿರಿಯ ಕೆಲಸಗಾರನ ಪಕ್ಕದಲ್ಲಿ ಹೊಸಬನನ್ನು ನಿಲ್ಲಿಸಿ "ಇವನಿಗೂ ಸ್ವಲ್ಪ ಹೇಳಿಕೊಡಿ" ಎಂದು ಹೇಳಿ ಹೋಗುತ್ತಾರೆ. ಆ ಹಿರಿಯನಿಗೆ ಬೇರಿಂಗಿನ ಸದ್ದು ಕೇಳಿದರೆ ಅದು ಇನ್ನೆಷ್ಟು ದಿನ ಬಾಳುತ್ತದೆಂದು ಗೊತ್ತು. ಆದರೆ ಅದನ್ನು ಹೇಗೆ ಗೊತ್ತುಮಾಡಿಕೊಂಡೆ ಎಂದು ಹೇಳಲು ಬಾರದು. ಹೇಳಿಕೊಡಲು ಅವನಿಗೆ ಪ್ರತ್ಯೇಕ ವೇಳೆ ಇಲ್ಲ, ಭತ್ಯೆ ಇಲ್ಲ, ಮನ್ನಣೆಯೂ ಇಲ್ಲ. ಒಂದು ದಿನ ಹೂವಿನ ಹಾರ ಹಾಕಿ, ಶಾಲು ಹೊದಿಸಿ ಅವನನ್ನು ಬೀಳ್ಕೊಡುತ್ತಾರೆ. ಅವನ ಕಿವಿಯಲ್ಲಿದ್ದ ವಿದ್ಯೆ ಅವನೊಂದಿಗೇ ಮನೆಗೆ ಹೋಗುತ್ತದೆ.

ವಿದ್ಯೆ ಕಾಲಕ್ಕೆ ತಕ್ಕಂತೆ ಬೆಳೆಯದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಉದಾಹರಣೆಯಿದೆ. ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ 1978ರಲ್ಲಿ ಬಂದಿತು. ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಚಕ್ರಗಳನ್ನು ಜೋಡಿಸಿ ಕಾಲಕ್ಕೆ ಜೀವ ಕೊಡುತ್ತಿದ್ದ ಕೈಗಳು ಅಲ್ಲಿದ್ದವು. ನಮ್ಮ ಕಡೆ ಮದುವೆಯ ಗಂಡಿಗೆ ಎಚ್‌ಎಂಟಿ ವಾಚು ಕೊಡುವುದೇ ಒಂದು ಗೌರವವಾಗಿತ್ತು. ಕೀಲಿ ಕೊಡುವ ಗಡಿಯಾರದ ಕಾಲ ಮುಗಿದು ಬ್ಯಾಟರಿಯ ಕ್ವಾರ್ಟ್ಸ್ ಗಡಿಯಾರದ ಕಾಲ ಬಂದಾಗ ಕಂಪನಿ ತಡವಾಗಿ ತಿರುಗಿಕೊಂಡಿತು. ಅತ್ತ 1984ರಲ್ಲಿ ಹುಟ್ಟಿದ ಟೈಟಾನ್, ಹೊಸೂರಿನಲ್ಲಿ, ಶಾಲೆಯಿಂದ ಆಗಷ್ಟೇ ಹೊರಬಂದ ಹುಡುಗ ಹುಡುಗಿಯರನ್ನು ಆರಿಸಿಕೊಂಡು ಕಲಿಸಿ ಬೆಳೆಸಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಸೋಲಿಗೆ ಕಾರಣಗಳು ಹಲವು, ದೆಹಲಿಯಲ್ಲಿ ಆದ ತೀರ್ಮಾನಗಳೂ ಅವುಗಳಲ್ಲಿ ಸೇರಿವೆ. ಕೆಲಸಗಾರರ ಕೈಯಲ್ಲಿ ಕೌಶಲವಿಲ್ಲದ್ದು ಮಾತ್ರ ಕಾರಣವಾಗಿರಲಿಲ್ಲ. ಇದ್ದ ಕೌಶಲವನ್ನು ಮುಂದಿನ ಕಾಲಕ್ಕೆ ದಾಟಿಸುವ ಸೇತುವೆಯನ್ನು ಕಾಲಕ್ಕೆ ಸರಿಯಾಗಿ ಕಟ್ಟದಿದ್ದರೆ ಎಂಥ ಕೈಯಾದರೂ ಖಾಲಿಯಾಗುತ್ತದೆ.

ಈಗ ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 615 ಎಕರೆಯ ಆ ಕಾರ್ಖಾನೆಯನ್ನು 2023ರ ಫೆಬ್ರವರಿ 6ರಂದು ಪ್ರಧಾನಿ ನರೇಂದ್ರ ಮೋದಿಯವರು ದೇಶಕ್ಕೆ ಸಮರ್ಪಿಸಿದರು. ದನ ಮೇಯುತ್ತಿದ್ದ ಕಾವಲಿನಲ್ಲಿ ಹೆಲಿಕಾಪ್ಟರ್ ತಯಾರಾಗುವುದು ಸಂತೋಷದ ವಿಷಯ. ನಮ್ಮ ಮಕ್ಕಳು ಅಲ್ಲಿ ಹೆಲಿಕಾಪ್ಟರಿಗೆ ರಿವೆಟ್ ಹೊಡೆಯುತ್ತಾರೋ, ಇಲ್ಲವೆ ಗೇಟಿನಲ್ಲಿ ಕಾವಲು ನಿಲ್ಲುತ್ತಾರೋ ಎಂಬುದನ್ನು ನಿರ್ಧರಿಸುವುದು ತರಬೇತಿಯೇ. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ನೀಡಿ, ವಿರೋಧ ಬಂದ ಮೇಲೆ ತಡೆಹಿಡಿಯಿತು. ಚರ್ಚೆಯೆಲ್ಲ ಶೇಕಡಾ 50, ಶೇಕಡಾ 70 ಎಂಬ ಅಂಕಿಗಳ ಸುತ್ತಲೇ ಸುತ್ತಿತು. ಅರ್ಹ ಸ್ಥಳೀಯರು ಸಿಗದಿದ್ದರೆ ಮೂರು ವರ್ಷಗಳೊಳಗೆ ತರಬೇತಿ ಕೊಟ್ಟು ಸಿದ್ಧಪಡಿಸಬೇಕೆಂಬ ಅಂಶವೂ ಅದರಲ್ಲಿತ್ತು. ನನ್ನ ದೃಷ್ಟಿಯಲ್ಲಿ ಆ ಮಸೂದೆಯ ಜೀವಾಳ ಅದೇ ಆಗಿತ್ತು. ಅದರ ಬಗ್ಗೆ ಮಾತಾಡಿದವರು ವಿರಳ.

ಹಾಗಾದರೆ ಏನು ಮಾಡಬೇಕು? ಮೇಷ್ಟರಾಗಿ ನನಗೆ ತೋಚಿದ ಐದು ಮಾತುಗಳನ್ನು ಕಂಪನಿಗಳ ಮುಂದಿಡುತ್ತೇನೆ.

ಮೊದಲನೆಯದಾಗಿ, ಕಲಿಯುವವನ ಪೂರ್ವಜ್ಞಾನದಿಂದ ಪಾಠ ಆರಂಭವಾಗಲಿ. ನಮ್ಮ ತೋಟದ ಹುಡುಗ ಏನೂ ಅರಿಯದವನಲ್ಲ. ಮೂರು ಫೇಸಿನಲ್ಲಿ ಒಂದು ಹೋದರೆ ಪಂಪ್‌ಸೆಟ್ಟಿನ ಮೋಟಾರು ಸುಟ್ಟುಹೋಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. ಸ್ಟಾರ್ಟರ್ ಏಕೆ ಟ್ರಿಪ್ ಆಗುತ್ತದೆ, ಬೋರ್‌ವೆಲ್ ನೀರು ಕಡಿಮೆಯಾದಾಗ ಮೋಟಾರಿನ ಸದ್ದು ಹೇಗೆ ಬದಲಾಗುತ್ತದೆ ಎಂಬುದನ್ನು ಹತ್ತು ವರ್ಷದಿಂದ ಕೇಳಿಸಿಕೊಂಡು ಬೆಳೆದಿದ್ದಾನೆ. ಕಾರ್ಖಾನೆಯ ದೊಡ್ಡ ಮೋಟಾರಿನ ರಕ್ಷಣೆಯ ಪಾಠವನ್ನು ಅವನ ತೋಟದ ಸ್ಟಾರ್ಟರಿನಿಂದ ಆರಂಭಿಸಿದರೆ ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ. ತಿಳಿದುದರಿಂದ ತಿಳಿಯದುದರೆಡೆಗೆ ಎಂಬ ಸೂತ್ರವನ್ನು ನಾವು ಬಿ.ಎಡ್.ನಲ್ಲಿ ಬಾಯಿಪಾಠ ಮಾಡಿದ್ದು ಇದಕ್ಕೇ.

ಎರಡನೆಯದು, ಪಾಠ ಕನ್ನಡದಲ್ಲಿರಲಿ. ಬೇರಿಂಗಿಗೆ, ಕನ್ವೇಯರಿಗೆ ಸಂಸ್ಕೃತದ ಪದ ಹುಡುಕುತ್ತ ಕೂರಬೇಕೆಂದು ನಾನು ಹೇಳುವವನಲ್ಲ. ಕಾರ್ಖಾನೆಯ ಜನ ಬಳಸುವ ಹೆಸರುಗಳು ಹಾಗೆಯೇ ಇರಲಿ. ವಾಕ್ಯ ಕನ್ನಡವಾಗಿರಲಿ, ಫಲಕ ಕನ್ನಡದಲ್ಲಿರಲಿ. ಬಿಹಾರ, ಒಡಿಶಾಗಳಿಂದ ಬಂದ ಕೆಲಸಗಾರರಿದ್ದರೆ ಅವರಿಗೆ ಹಿಂದಿಯಲ್ಲಿ, ಒಡಿಯಾದಲ್ಲಿ ಹೇಳಲಿ. ಅವರ ಬೆರಳುಗಳೂ ಬೆರಳುಗಳೇ. "ಈ ಹಗ್ಗ ಎಳೆದರೆ ಬೆಲ್ಟು ನಿಲ್ಲುತ್ತದೆ" ಎಂಬ ನಾಲ್ಕೈದು ಪದಗಳ ಒಂದು ಕನ್ನಡ ವಾಕ್ಯ, ಒಮ್ಮೆ ಅವನ ಕೈಯಿಂದಲೇ ಆ ಹಗ್ಗ ಎಳೆಸುವ ಒಂದು ನಿಮಿಷ. ಇಷ್ಟಕ್ಕೆ ಎಷ್ಟು ಖರ್ಚಾಗುತ್ತಿತ್ತು?

ಮೂರನೆಯದು, ಕಲಿಸುವವರಿಗೆ ಕಲಿಸಬೇಕು. ಪ್ರತಿ ವಿಭಾಗದಲ್ಲಿಯೂ ತಾಳ್ಮೆಯಿರುವ, ಕೆಲಸ ಬಲ್ಲ ಕೆಲವು ಹಿರಿಯರನ್ನು ಗುರುತಿಸಿ, ಅವರಿಗೆ ಬೋಧನೆಯ ಕ್ರಮ ಹೇಳಿಕೊಟ್ಟು, ಕಲಿಸುವ ಹೊತ್ತನ್ನು ಕೆಲಸದ ಹೊತ್ತಾಗಿಯೇ ಎಣಿಸಿ, ಭತ್ಯೆ ಕೊಡಬೇಕು. ನಿವೃತ್ತಿಗೆ ಎರಡು ವರ್ಷ ಮುಂಚೆಯೇ ಅಂಥವರ ಜೊತೆಗೆ ಇಬ್ಬರು ಕಿರಿಯರನ್ನು ಬಿಡಬೇಕು. ಅವರು ಬಲ್ಲದ್ದನ್ನು ಅವರ ಮಾತಿನಲ್ಲಿಯೇ ಬರೆದಿಡಬೇಕು; ಈಗ ಮೊಬೈಲಿನಲ್ಲಿ ಚಿತ್ರೀಕರಿಸಿಡುವುದೂ ಸುಲಭ.

ನಾಲ್ಕನೆಯದು, ಹಾಜರಿಯನ್ನು ಕಲಿಕೆಯೆಂದು ತಿಳಿಯಬಾರದು. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದರು: ಪಾಠ ಇಷ್ಟವಾಯಿತೇ, ತಲೆಗೆ ಹತ್ತಿತೇ, ಕೆಲಸದಲ್ಲಿ ಇಳಿಯಿತೇ, ಅದರಿಂದ ಫಲ ದೊರಕಿತೇ. ನಮ್ಮ ಬಹುಪಾಲು ತರಬೇತಿಗಳು "ಊಟ ಚೆನ್ನಾಗಿತ್ತೇ, ಪಾಠ ಚೆನ್ನಾಗಿತ್ತೇ" ಎಂಬ ಮೊದಲ ಮೆಟ್ಟಿಲಲ್ಲೇ ಕುಳಿತುಬಿಡುತ್ತವೆ. ಕಲಿತವನು ಮಾಡಿ ತೋರಿಸಲಿ. ತಿಂಗಳ ನಂತರ ಮತ್ತೊಮ್ಮೆ ಮಾಡಿ ತೋರಿಸಲಿ. ಮರೆವಿನ ವೇಗವನ್ನು ಎಬ್ಬಿಂಗ್‌ಹೌಸ್ 1885ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದಾನೆ. ಪುನರಾವರ್ತನೆಯಿಲ್ಲದ ಪಾಠ ನೀರ ಮೇಲಿನ ಬರಹ.

ಐದನೆಯದು ಮತ್ತು ನನಗೆ ಎಲ್ಲಕ್ಕಿಂತ ಮುಖ್ಯವಾದುದು, ಗುತ್ತಿಗೆ ಕೆಲಸಗಾರರನ್ನು ತರಗತಿಯ ಹೊರಗೆ ನಿಲ್ಲಿಸಬಾರದು. ಅತ್ಯಂತ ಅಪಾಯದ ಕೆಲಸ ಮಾಡುವವರು ಹೆಚ್ಚಾಗಿ ಅವರೇ. ಕಡಿಮೆ ತರಬೇತಿ ಪಡೆಯುವವರೂ ಅವರೇ. ಸಹಾಯಕನಾಗಿ ಸೇರಿದವನು ಎಷ್ಟು ವರ್ಷದಲ್ಲಿ, ಏನೇನು ಕಲಿತರೆ ಆಪರೇಟರ್ ಆಗಬಲ್ಲ ಎಂಬುದು ಗೋಡೆಯ ಮೇಲೆ ಬರೆದಿರಲಿ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ನಮ್ಮ ರಾಜ್ಯದಲ್ಲಿ ಅವಕಾಶವಿದೆ. ಅಂಥವರಿಗೆ ಪಾಳಿ ಹೊಂದಿಸಿಕೊಟ್ಟರೆ ಕಂಪನಿಯ ಗಂಟೇನೂ ಕರಗುವುದಿಲ್ಲ.

ಇದಕ್ಕೆ ಕಂಪನಿಯವರ ಉತ್ತರ ನನಗೆ ಗೊತ್ತಿದೆ. "ಕಲಿಸಿದರೆ ಕಲಿತು ಬೇರೆ ಕಡೆ ಹೋಗುತ್ತಾರೆ ಮೇಷ್ಟರೇ." ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಎರಡು ಸಾವಿರ ರೂಪಾಯಿ ಹೆಚ್ಚು ಸಿಕ್ಕರೆ ಕೆಲಸ ಬದಲಿಸುವ ಹುಡುಗರನ್ನು ನಾನೂ ನೋಡಿದ್ದೇನೆ. ಆದರೆ ಕಲಿಯದೆ ಉಳಿದವರಿಂದ ಆಗುವ ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಸಿಮೆಂಟಿನ ಕುಲುಮೆಯೊಳಗೆ ಸುಮಾರು 1450 ಡಿಗ್ರಿಯ ಉರಿ. ಒಮ್ಮೆ ನಿಂತರೆ ಮತ್ತೆ ಕಾಯಿಸಿ ಹದಕ್ಕೆ ತರಲು ಎಷ್ಟು ಇಂಧನ, ಎಷ್ಟು ಹೊತ್ತು! ಹೋದವನು ಬೇರೆ ಕಾರ್ಖಾನೆಯಲ್ಲಿ ನಿಮ್ಮ ಹೆಸರನ್ನೇ ಹೇಳುತ್ತಾನೆ. ಅಲ್ಲಿ ಕಲಿತವನೊಬ್ಬ ನಿಮ್ಮಲ್ಲಿಗೆ ಬರುತ್ತಾನೆ. ನಾವು ಕಲಿಸಿದ ಮಕ್ಕಳೆಲ್ಲರೂ ಶಾಲೆ ಬಿಟ್ಟು ಹೋಗುವವರೇ. ಹಾಗೆಂದು ಯಾವ ಶಿಕ್ಷಕನೂ ಪಾಠ ನಿಲ್ಲಿಸಿಲ್ಲ.

"ಉತ್ಪಾದನೆಯ ನಡುವೆ ಸಮಯವೆಲ್ಲಿದೆ?" ಎಂಬುದು ಇನ್ನೊಂದು ಮಾತು. ನಮ್ಮ ಸೀಮೆಯ ಉಂಡೆ ಕೊಬ್ಬರಿಯನ್ನು ನೋಡಿ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗುಡುಗುಡು ಸದ್ದು ಮಾಡುವವರೆಗೆ ಅವಸರ ಮಾಡಿದವನಿಗೆ ಕೊಬ್ಬರಿ ದಕ್ಕುವುದಿಲ್ಲ. ತಿಪಟೂರಿನ ಕೊಬ್ಬರಿಗೆ ಹೆಸರು ಬಂದಿರುವುದು ಆ ಕಾಯುವಿಕೆಯಿಂದಲೇ. ಕೆಲಸಗಾರನೂ ಹಾಗೆಯೇ ಮಾಗಬೇಕು.

ಇಷ್ಟಕ್ಕೂ ಒಳ್ಳೆಯ ತರಬೇತಿಗೆ ದೊಡ್ಡ ಕಂಪನಿಯೇ ಬೇಕೆಂದಿಲ್ಲ. ಮರ ಹತ್ತಿ ಕಾಯಿ ಕೀಳುವವರು ಸಿಗದೆ ತೋಟದವರು ಪರದಾಡುತ್ತಿದ್ದಾಗ, ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ "ತೆಂಗಿನ ಮರದ ಗೆಳೆಯರು" ಎಂಬ ಕಾರ್ಯಕ್ರಮ ಆರಂಭಿಸಿತು. ಆರು ದಿನಗಳ ತರಬೇತಿ. ಯಂತ್ರದ ಸಹಾಯದಿಂದ ಮರ ಹತ್ತುವುದು, ಸುಳಿ ನೋಡಿ ರೋಗ ಗುರುತಿಸುವುದು ಎಲ್ಲವನ್ನೂ ಮರದ ಬುಡದಲ್ಲಿಯೇ, ಮರದ ಮೇಲೆಯೇ ಕಲಿಸುತ್ತಿದ್ದರು. ಮುಗಿದ ಮೇಲೆ ಮರ ಹತ್ತುವ ಯಂತ್ರವನ್ನು ಕೈಗೆ ಕೊಟ್ಟು, ವಿಮೆಯನ್ನೂ ಮಾಡಿಸುತ್ತಿದ್ದರು. ಕೈಯಾರೆ ಮಾಡಿ ಕಲಿಯುವುದು, ಕಲಿತದ್ದಕ್ಕೆ ಉಪಕರಣ, ಅಪಾಯಕ್ಕೆ ರಕ್ಷಣೆ. ತರಬೇತಿಯೆಂದರೆ ಈ ಮೂರೂ ಇರಬೇಕು. ಮರದ ಕೆಳಗೆ ಸಾಧ್ಯವಾದದ್ದು ಕೋಟಿಗಟ್ಟಲೆ ಬಂಡವಾಳದ ಚಿಮಣಿಯ ಕೆಳಗೆ ಏಕೆ ಸಾಧ್ಯವಾಗಬಾರದು?

ಕೊನೆಯದಾಗಿ ತಂದೆತಾಯಿಗಳಿಗೆ, ನನ್ನ ವೃತ್ತಿಬಾಂಧವರಿಗೆ ಒಂದು ಮಾತು. ಐಟಿಐ ಎಂದರೆ ದಡ್ಡರು ಸೇರುವ ಜಾಗ ಎಂಬ ತಾತ್ಸಾರ ನಮ್ಮ ಸಮಾಜದಲ್ಲಿ ಬೇರೂರಿದೆ. ಶೇಕಡಾ 45 ಅಂಕ ತೆಗೆದ ಹುಡುಗನನ್ನು "ಇನ್ನೇನು, ಐಟಿಐಗೆ ಹಾಕಿ" ಎಂದು ಹೇಳುವ ದನಿಯಲ್ಲಿಯೇ ಆ ಹುಡುಗನ ಅರ್ಧ ಉತ್ಸಾಹ ಉಡುಗಿಹೋಗುತ್ತದೆ. ಕೈಕೆಲಸವನ್ನು ಕೀಳೆಂದು ನಾವೇ ಹೇಳಿಕೊಟ್ಟರೆ ಕಂಪನಿ ಅದನ್ನು ಮೇಲೆಂದು ಏಕೆ ತಿಳಿಯಬೇಕು? ಮಗ ಕಾರ್ಖಾನೆಗೆ ಸೇರಿದ ದಿನ ಮೊದಲ ಪ್ರಶ್ನೆಯಾಗಿ "ಸಂಬಳ ಎಷ್ಟು?" ಎಂದು ಕೇಳುತ್ತೇವೆ. ಅದನ್ನು ಕೇಳಬೇಕಾದದ್ದೇ. ಅದರ ಜೊತೆಗೆ "ಅಲ್ಲಿ ನಿನಗೆ ಕಲಿಸುವವರು ಯಾರು? ಏನು ಕಲಿಸುತ್ತಾರೆ? ಯಂತ್ರ ನಿಲ್ಲಿಸುವುದನ್ನು ಮೊದಲು ತೋರಿಸಿದರೇ?" ಎಂದೂ ಕೇಳೋಣ. ಈ ಪ್ರಶ್ನೆಗಳನ್ನು ನೂರು ಮನೆಗಳಲ್ಲಿ ಕೇಳತೊಡಗಿದರೆ ಅದು ಗೇಟಿನ ಒಳಗೂ ಕೇಳಿಸದೆ ಇರದು.